ವಿರೋಧ, ವ್ಯಾಘಾತ, ವಿರೋಧಾಭಾಸ: ಅರ್ಥ ಮತ್ತು ಬಳಕೆ

ಪಾಶ್ಚಾತ್ಯ ತರ್ಕಶಾಸ್ತ್ರದ ‘ಕಾಂಟ್ರಡಿಕ್ಷನ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ತರಗತಿಯಲ್ಲಿ ಕೇಳಿದರೆ ಐದಾರು ಉತ್ತರಗಳು ಒಮ್ಮೆಗೇ ಬರುತ್ತವೆ. ವಿರೋಧ, ವೈರುಧ್ಯ, ವಿರೋಧಾಭಾಸ, ವಿಸಂಗತಿ, ದ್ವಂದ್ವ ಎಂದು ವಿದ್ಯಾರ್ಥಿಗಳು ಹೇಳುತ್ತ ಹೋಗುತ್ತಾರೆ. ಸಂಸ್ಕೃತವನ್ನು ಓದಿದವರಿದ್ದರೆ ವ್ಯಾಘಾತವೆಂಬುದೂ ಸೇರುತ್ತದೆ. ಭಾಷೆಯ ಸಂಪತ್ತಿಗೆ ಇದೊಂದು ಸಾಕ್ಷಿಯೆಂದು ಸಂತೋಷಪಡಬಹುದು. ಆದರೆ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ಆ ಸಂತೋಷವು ಉಳಿಯುವುದಿಲ್ಲ. ಏಕೆಂದರೆ ಈ ಶಬ್ದಗಳು ಬೇರೆ ಬೇರೆ ಕೆಲಸಗಳನ್ನು ಮಾಡತಕ್ಕವು. ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟರೆ ವಾದವೇ ಬದಲಾಗಿಬಿಡುತ್ತದೆ.

ಇಲ್ಲಿ ನಾವು ಮುಖ್ಯವಾಗಿ ಮೂರು ಶಬ್ದಗಳ ಅರ್ಥವನ್ನೂ ದಿನಬಳಕೆಯನ್ನೂ ವಿವೇಚಿಸಲು ಉದ್ದೇಶಿಸಿದ್ದೇವೆ. ತರ್ಕಗ್ರಂಥಗಳಲ್ಲಿ ಶತಮಾನಗಳಿಂದ ಸವೆದುಹೋಗಿರುವ ಘಟ-ಪಟಗಳನ್ನು ಬದಿಗಿರಿಸಿ, ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಸೀಮೆಯಿಂದ ನಿದರ್ಶನಗಳನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಸೀಮಾಭಿಮಾನವೊಂದೇ ಕಾರಣವಲ್ಲ. ಎರಡು ಮಾತುಗಳು ನಿಜವಾಗಿಯೂ ಒಂದನ್ನೊಂದು ಅಲ್ಲಗಳೆಯುತ್ತವೆಯೋ ಇಲ್ಲವೋ ಎಂಬ ಪ್ರಶ್ನೆಯು ಗ್ರಂಥದಿಂದ ಹೊರಬಿದ್ದು, ಹೊಲಕ್ಕೂ ಕಚೇರಿಗೂ ನಡುವೆ ಬಂದು ನಿಂತ ಪ್ರಸಂಗವೊಂದು ಇಲ್ಲಿ ನಡೆದಿದೆ. ಅಲ್ಲಿಗೆ ಹೋಗುವ ಮುನ್ನ ಶಬ್ದಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು.

‘ವಿರೋಧ’ವು ‘ರುಧ್’ ಧಾತುವಿನಿಂದ ಬಂದುದು. ತಡೆಯುವುದು, ಅಡ್ಡಗಟ್ಟುವುದು ಎಂಬುದು ಅದರ ಮೂಲಾರ್ಥ. ಆದುದರಿಂದಲೇ ವಿರೋಧ ಪಕ್ಷವೆನ್ನುತ್ತೇವೆ, ಎರಡು ಮನೆತನಗಳಿಗೆ ವಿರೋಧ ಬಿದ್ದಿದೆಯೆನ್ನುತ್ತೇವೆ. ಇಲ್ಲಿ ಎದುರುಬದುರಾಗುವವರು ವ್ಯಕ್ತಿಗಳು, ವಾಕ್ಯಗಳಲ್ಲ. ‘ವ್ಯಾಘಾತ’ವು ‘ಹನ್’ ಧಾತುವಿನಿಂದ ಬಂದುದು, ಹೊಡೆತವೆಂಬುದು ಅದರೊಳಗಿದೆ. ವಿರೋಧದಲ್ಲಿ ಎರಡು ಕಡೆಯವರೂ ನಿಂತೇ ಇರಬಹುದು. ವ್ಯಾಘಾತದಲ್ಲಿ ಎರಡರಲ್ಲೊಂದು ಬೀಳಲೇಬೇಕು. ಲ್ಯಾಟಿನ್ ಮೂಲದ ‘ಕಾಂಟ್ರಡಿಕ್ಷನ್’ ಶಬ್ದಕ್ಕೆ ಅಕ್ಷರಶಃ ಎದುರು ನುಡಿಯುವುದೆಂದು ಅರ್ಥ. ನಮ್ಮ ಮನೆಗಳಲ್ಲಿ ಹಿರಿಯರು ಹುಡುಗರನ್ನು ಗದರಿಸುವಾಗ ಬಳಸುವ ‘ಎದುರಾಡಬೇಡ’ ಎಂಬ ಮಾತಿನ ರಚನೆಯೂ ಇದೇ. ಆದರೆ ಎದುರಾಡಿದ ಹುಡುಗನು ಹಿರಿಯರ ಮಾತನ್ನು ತಾರ್ಕಿಕವಾಗಿ ಖಂಡಿಸಿರಬೇಕೆಂದಿಲ್ಲ. ಕೆಲವೊಮ್ಮೆ ಅವನು ಅವರ ಮಾತನ್ನೇ ಅವರಿಗೆ ನೆನಪಿಸಿರುತ್ತಾನೆ, ಅಷ್ಟೆ.

ನೈಯಾಯಿಕರು ವ್ಯಾಘಾತವನ್ನು ಎರಡು ಬಗೆಯಾಗಿ ಕಂಡರು. ‘ನನ್ನ ತಾಯಿ ಬಂಜೆ’ ಎಂಬುದು ಸ್ವವಚನವ್ಯಾಘಾತ. ವಾಕ್ಯದ ಒಂದು ಪದವು ಇನ್ನೊಂದು ಪದವನ್ನು ಹೊಡೆಯುತ್ತದೆ. ಗಟ್ಟಿಯಾಗಿ ‘ನಾನು ಮೌನದಿಂದಿದ್ದೇನೆ’ ಎನ್ನುವುದರಲ್ಲಿ ಪದಗಳಿಗೆ ಪರಸ್ಪರ ಜಗಳವಿಲ್ಲ. ಆಡುವ ಕ್ರಿಯೆಯೇ ಆಡಿದ ಮಾತನ್ನು ಕೆಡಿಸುತ್ತದೆ. ಇದು ಸ್ವಕ್ರಿಯಾವ್ಯಾಘಾತ. ಹತ್ತನೆಯ ಶತಮಾನದ ಉದಯನನು ನ್ಯಾಯಕುಸುಮಾಂಜಲಿಯಲ್ಲಿ ಸಂಶಯಕ್ಕೆ ಹಾಕುವ ಎಲ್ಲೆ ಇಂಥದೇ. ಹೊಗೆಗೆ ಬೆಂಕಿ ಕಾರಣವೋ ಅಲ್ಲವೋ ಎಂದು ಸಂಶಯಪಡುವವನು ತನಗೆ ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನಾದರೆ ಅವನ ಸಂಶಯ ಅಲ್ಲಿಗೆ ನಿಲ್ಲತಕ್ಕದ್ದು. ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂಬ ಗಾದೆಯನ್ನು ಕಟ್ಟಿದವರಿಗೆ ಉದಯನನ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಮಾತಿಗೂ ನಡತೆಗೂ ಬೀಳುವ ಈ ಹೊಡೆತವನ್ನು ಅವರೂ ಕಂಡಿದ್ದರು. ಈ ಎರಡನೆಯ ಬಗೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಇನ್ನು ಶುದ್ಧ ತಾರ್ಕಿಕಾರ್ಥ. ಒಂದೇ ಗುಣವು ಒಂದೇ ವಸ್ತುವಿನಲ್ಲಿ, ಒಂದೇ ಕಾಲದಲ್ಲಿ, ಒಂದೇ ದೃಷ್ಟಿಯಿಂದ ಇರುವುದೂ ಇಲ್ಲದಿರುವುದೂ ಸಾಧ್ಯವಿಲ್ಲವೆಂದು ಅರಿಸ್ಟಾಟಲನು ವಿಧಿಸಿದನು. ಈ ನಿಯಮದ ಜೀವ ಇರುವುದು ಆ ‘ಒಂದೇ’ಗಳಲ್ಲಿ. ‘ನರಗುಂದ ಬಂಡಾಯವು 1858ರಲ್ಲಿ ನಡೆಯಿತು’ ಎಂದು ಒಬ್ಬನೂ, ‘ಅಲ್ಲ, 1980ರಲ್ಲಿ ನಡೆಯಿತು’ ಎಂದು ಇನ್ನೊಬ್ಬನೂ ಹಟ ಹಿಡಿದರೆ ಇಬ್ಬರೂ ಸರಿಯೇ. ಮೊದಲನೆಯವನು ಬ್ರಿಟಿಷರ ವಿರುದ್ಧ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರ ಮಾತನ್ನು ಆಡುತ್ತಿದ್ದಾನೆ. ಎರಡನೆಯವನು ರೈತರ ಮಾತನ್ನು. ಹೆಸರು ಒಂದು, ವಸ್ತು ಎರಡು. ಹಾಗೆಯೇ ‘ನರಗುಂದವು ಧಾರವಾಡ ಜಿಲ್ಲೆಯಲ್ಲಿದೆ’ ಎಂಬ ಹಳೆಯ ಪುಸ್ತಕದ ವಾಕ್ಯವನ್ನು ಇಂದಿನ ನಕಾಶೆಯು ಖಂಡಿಸುವುದಿಲ್ಲ. 1997ರಲ್ಲಿ ಗದಗ ಜಿಲ್ಲೆಯಾಯಿತು, ಕಾಲ ಬೇರೆಯಾಯಿತು. ರೋಣ ತಾಲೂಕಿನ ಊರಾಗಿದ್ದ ಗಜೇಂದ್ರಗಡವು 2018ರಲ್ಲಿ ತಾನೇ ತಾಲೂಕಿನ ಕೇಂದ್ರವಾದುದೂ ಹೀಗೆಯೇ.

ಕಾಲದ ಈ ತೊಡಕು ಎಷ್ಟು ಸೂಕ್ಷ್ಮವಾಗಬಹುದೆಂಬುದಕ್ಕೆ ನರಗುಂದ ತಾಲೂಕಿನ ಕೊಣ್ಣೂರಿನ ಶಾಸನವು ಒಳ್ಳೆಯ ಪಾಠ. ರಾಷ್ಟ್ರಕೂಟ ಅಮೋಘವರ್ಷನು ಬಂಕೆಯನ ಬಿನ್ನಹದಂತೆ ಜೈನ ಮುನಿ ದೇವೇಂದ್ರನಿಗೆ ದಾನವಿತ್ತುದನ್ನು ಅದು ಹೇಳುತ್ತದೆ. ಶಕವರ್ಷ 782, ಎಂದರೆ ಕ್ರಿ.ಶ. 860ರ ಕಾಲವನ್ನು ಕೊಡುತ್ತದೆ. ಆದರೆ ಕಲ್ಲಿನ ಮೇಲಿನ ಲಿಪಿಯು ಹನ್ನೆರಡನೆಯ ಶತಮಾನದ ಸುಮಾರಿನದು. ಶಾಸನವು ಒಂಬತ್ತನೆಯ ಶತಮಾನದ್ದು, ಶಾಸನವು ಒಂಬತ್ತನೆಯ ಶತಮಾನದ್ದಲ್ಲ: ವ್ಯಾಘಾತವು ಇದಕ್ಕಿಂತ ಸ್ಪಷ್ಟವಾಗಿ ಕಾಣಿಸುವುದು ಸಾಧ್ಯವೇ? ಇದನ್ನು ಸಂಪಾದಿಸಿದ ಕೀಲ್‌ಹಾರ್ನ್ ಪಂಡಿತರು ಕೂಟಶಾಸನಗಳ ಸಾಲಿಗೆ ಸೇರಿಸಿದರು. ಶಾಸನದ ಕೊನೆಯ ಭಾಗವು ಮಾತ್ರ, ಮೊದಲು ತಾಮ್ರಪಟದಲ್ಲಿದ್ದುದನ್ನು ವೀರನಂದಿಯು ಆಮೇಲೆ ಕಲ್ಲಿನಲ್ಲಿ ಬರೆಯಿಸಿದನೆಂದು ತಾನೇ ಹೇಳಿಕೊಳ್ಳುತ್ತದೆ. ಆ ಮಾತನ್ನು ಎಷ್ಟು ನಂಬಬೇಕೆಂಬುದು ಶಾಸನತಜ್ಞರ ವಿಷಯ. ನಮಗೆ ಪ್ರಸ್ತುತವಾದುದಿಷ್ಟೆ: ‘ಶಾಸನ’ವೆಂಬ ಒಂದು ಶಬ್ದವು ದಾನಕ್ಕೂ, ಪಾಠಕ್ಕೂ, ಕೆತ್ತಿದ ಕಲ್ಲಿಗೂ ಸಲ್ಲುತ್ತದೆ. ಯಾವುದರ ಕಾಲವನ್ನು ಹೇಳುತ್ತಿದ್ದೇವೆಂದು ತಿಳಿಸಿದೊಡನೆ ಆ ಎರಡು ವಾಕ್ಯಗಳು ಎದುರುಬದುರಾಗಿ ನಿಲ್ಲುವುದನ್ನು ಬಿಟ್ಟುಬಿಡುತ್ತವೆ.

ಇಲ್ಲಿಯವರೆಗೆ ಹೇಳಿದುದು ವ್ಯಾಘಾತವಿಲ್ಲದೆಡೆ ಅದನ್ನು ಕಾಣುವ ತಪ್ಪು. ವಿದ್ಯಾರ್ಥಿಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಂಡುಬರುವುದು ವೈಪರೀತ್ಯವನ್ನೇ ವ್ಯಾಘಾತವೆಂದು ತಿಳಿಯುವ ತಪ್ಪು. ಇದರ ಬೀಜವು ಪ್ರಾಥಮಿಕ ಶಾಲೆಯಲ್ಲಿ ಬೀಳುತ್ತದೆಯೆಂದು ನಮ್ಮ ಅಭಿಪ್ರಾಯ. ಅಲ್ಲಿ ‘ವಿರುದ್ಧಪದ’ ಎಂಬ ಒಂದೇ ತಲೆಬರಹದ ಕೆಳಗೆ ಸತ್ಯ ಅಸತ್ಯ, ಬಿಸಿ ತಂಪು, ಕಪ್ಪು ಬಿಳುಪು ಎಂದು ಬಾಯಿಪಾಠ ಮಾಡಿಸುತ್ತೇವೆ. ಒಂದು ವಾಕ್ಯವು ಸತ್ಯವಲ್ಲವಾದರೆ ಅದು ಅಸತ್ಯವೇ; ಆದರೆ ನೀರು ಬಿಸಿಯಾಗಿಲ್ಲವೆಂದ ಮಾತ್ರಕ್ಕೆ ತಣ್ಣಗಿರಬೇಕೆಂದಿಲ್ಲ, ಉಗುರುಬೆಚ್ಚಗಿರಬಹುದು. ನರಗುಂದದ ಕಡೆಯ ಹೊಲವು ಎರೆ, ಗಜೇಂದ್ರಗಡದ ಗುಡ್ಡದ ಬದಿಯ ಹೊಲವು ಮಸಾರಿ. ಒಂದೇ ತುಂಡು ನೆಲವು ಎರೆಯೂ ಮಸಾರಿಯೂ ಆಗಲಾರದು. ಆದರೆ ಎರೆಯಲ್ಲದ ನೆಲವೆಲ್ಲ ಮಸಾರಿಯಲ್ಲ. ಬರಿಯ ಗರಸು ಕಲ್ಲು ಇರುವ ನೆಲವೂ ಉಂಟು. ಎರಡೂ ಒಟ್ಟಿಗೆ ನಿಜವಾಗಲಾರವು, ಎರಡೂ ಒಟ್ಟಿಗೆ ಸುಳ್ಳಾಗಬಲ್ಲವು, ಇದು ವೈಪರೀತ್ಯ. ಒಂದು ಸುಳ್ಳಾದರೆ ಇನ್ನೊಂದು ನಿಜವಾಗಲೇಬೇಕೆಂಬಲ್ಲಿ ಮಾತ್ರ ವ್ಯಾಘಾತ. ‘ರೋಣ ತಾಲೂಕಿನ ಎಲ್ಲ ಹೊಲಗಳೂ ಬಿತ್ತನೆಯಾಗಿವೆ’ ಎಂಬುದಕ್ಕೆ ವ್ಯಾಘಾತವಾದ ವಾಕ್ಯವು ‘ಯಾವ ಹೊಲವೂ ಬಿತ್ತನೆಯಾಗಿಲ್ಲ’ ಎಂಬುದಲ್ಲ, ‘ಒಂದು ಹೊಲವಾದರೂ ಬಿತ್ತನೆಯಾಗದೆ ಉಳಿದಿದೆ’ ಎಂಬುದು. ಸಭೆಗಳಲ್ಲಿ ವಾದಿಸುವವರು ಇದನ್ನರಿಯದೆ, ಒಂದು ಹೊಲವನ್ನು ತೋರಿಸಿ ಗೆಲ್ಲಬಹುದಾದ ವಾದವನ್ನು ಇಡೀ ತಾಲೂಕನ್ನು ಹೊತ್ತು ಸೋಲುವುದುಂಟು.

ನಮ್ಮವರಿಗೆ ಈ ಭೇದವು ತಿಳಿಯದುದಲ್ಲ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯು ನ್ಯಾಯಬಿಂದುವಿನಲ್ಲಿ ವಿರೋಧವನ್ನು ಎರಡಾಗಿ ಬೇರ್ಪಡಿಸಿದನು. ಚಳಿಯೂ ಬೆಂಕಿಯೂ ಒಂದೆಡೆ ನಿಲ್ಲಲಾರವು. ಇದು ಸಹಾನವಸ್ಥಾನ ವಿರೋಧ. ಭಾವವೂ ಅಭಾವವೂ ಒಂದನ್ನು ಕಳೆದೇ ಇನ್ನೊಂದಾಗಿರುವಂಥವು. ಇದು ಪರಸ್ಪರಪರಿಹಾರದಿಂದ ನಿಂತ ವಿರೋಧ. ಪಾಶ್ಚಾತ್ಯರ ವಿಭಾಗಕ್ಕೂ ಇದಕ್ಕೂ ಅಂಗುಲ ಅಂಗುಲಕ್ಕೆ ಹೊಂದಿಕೆಯುಂಟೆಂದು ನಾವು ಹೇಳುವುದಿಲ್ಲ; ದಿಕ್ಕು ಒಂದೇ.

ಆಡುನುಡಿಯು ಇಂಥ ಭೇದಗಳನ್ನು ಹೆಸರಿಡದೆಯೇ ನಿರ್ವಹಿಸುತ್ತದೆ. ಹಿಂಗಾರಿ ಹಂಗಾಮಿನಲ್ಲಿ ಈ ಸೀಮೆಯ ರೈತನನ್ನು ಮಳೆಯ ಬಗೆಗೆ ಕೇಳಿದರೆ ‘ಆಗೇತಿ ಅಂದ್ರ ಆಗೇತಿ, ಇಲ್ಲಂದ್ರ ಇಲ್ಲ’ ಎಂಬ ಉತ್ತರ ಬರುವುದುಂಟು. ವ್ಯಾಘಾತನಿಯಮವನ್ನು ಕಲಿತ ವಿದ್ಯಾರ್ಥಿಯು ಇದನ್ನು ಕೇಳಿ ನಗಬಾರದು. ಅಂಗಳ ತೊಯ್ಯುವಷ್ಟು ಮಳೆಯಾಗಿದೆ, ಬಿಳಿಜೋಳ ಕಡಲೆಗಳನ್ನು ಬಿತ್ತಲು ಎರೆಯಲ್ಲಿ ಬೇಕಾದ ಹದ ಬಂದಿಲ್ಲ. ಎರಡು ದೃಷ್ಟಿಗಳು, ಎರಡು ಉತ್ತರಗಳು. ಜೈನರು ಸ್ಯಾದ್ವಾದದಲ್ಲಿ ‘ಒಂದು ದೃಷ್ಟಿಯಿಂದ ಉಂಟು, ಒಂದು ದೃಷ್ಟಿಯಿಂದ ಇಲ್ಲ’ ಎಂದಾಗ, ಒಂದೇ ವಸ್ತುವಿನಲ್ಲಿ ಎರಡೂ ಅಸಂಭವವೆಂದು ಬ್ರಹ್ಮಸೂತ್ರದ ಭಾಷ್ಯಕಾರರು ಆಕ್ಷೇಪಿಸಿದರು; ದೃಷ್ಟಿಭೇದವನ್ನು ಹೇಳಿಯೇ ನುಡಿದಿರುವಾಗ ವಿರೋಧವೆಲ್ಲಿಯದೆಂಬುದು ಜೈನರ ಸಮಾಧಾನ. ಕೊಣ್ಣೂರು, ನರೇಗಲ್ಲುಗಳಲ್ಲಿ ಒಂದು ಕಾಲಕ್ಕೆ ಬಸದಿಗಳಿದ್ದ ನಾಡಿನಲ್ಲಿ ಈ ಧಾಟಿಯ ಉತ್ತರವನ್ನು ಕೇಳುವಾಗ ನಮಗೆ ಸಂತೋಷವಾಗುತ್ತದೆ; ಒಂದರಿಂದ ಇನ್ನೊಂದು ಬಂತೆಂದು ಸಾಧಿಸುವ ಇಚ್ಛೆ ನಮಗಿಲ್ಲ.

‘ವಿರೋಧಾಭಾಸ’ದ ಕಥೆ ಬೇರೆ. ಇದು ಅಲಂಕಾರಶಾಸ್ತ್ರದ ಶಬ್ದ. ದಂಡಿಯು ವಿರೋಧವೆಂದು ಕರೆದ ಅಲಂಕಾರವನ್ನು ಅಪ್ಪಯ್ಯ ದೀಕ್ಷಿತನ ಕುವಲಯಾನಂದದಲ್ಲಿ ವಿರೋಧಾಭಾಸವೆಂಬ ಹೆಸರಿನಿಂದ ಕಾಣುತ್ತೇವೆ. ವಿರೋಧವು ತೋರುತ್ತದೆ, ವಿಚಾರಿಸಿದರೆ ಇರುವುದಿಲ್ಲ. ಇದೇ ಅದರ ಜೀವಾಳ. ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನ ಬೆಟ್ಟದಲ್ಲಿ ಬೇಸಗೆಯಲ್ಲಿಯೂ ಅಂತರಗಂಗೆಯ ನೀರು ಸುರಿಯುತ್ತಿರುವುದನ್ನು ಕಂಡ ಕವಿಯು ಒಣಬೆಟ್ಟವು ತೊಯ್ದಿದೆಯೆಂದರೆ ಅದು ವಿರೋಧಾಭಾಸ. ಸೂಡಿಯ ಶಾಸನಗಳಿಂದ ತಿಳಿದುಬರುವ, ಕಿಸುಕಾಡನ್ನಾಳಿದ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯು ಗುಣದ ಬೆಡಂಗಿಯೂ ಹೌದು, ಯುದ್ಧದಲ್ಲಿ ಭೈರವಿಯೂ ಹೌದು. ಬೆಡಗೂ ಭಯಂಕರತೆಯೂ ಎರಡು ಸಂದರ್ಭಗಳಿಗೆ ಸಲ್ಲುವುದರಿಂದ ಹೊಗಳಿಕೆಯು ಕೆಡುವುದಿಲ್ಲ, ಹೆಚ್ಚುತ್ತದೆ.

ಆದರೆ ಇಂದಿನ ಪತ್ರಿಕೆಗಳಲ್ಲಿ ‘ಸಚಿವರ ಹೇಳಿಕೆಗಳಲ್ಲಿ ವಿರೋಧಾಭಾಸ’ ಎಂದು ಬರೆದರೆ ಬರೆದವರ ಮನಸ್ಸಿನಲ್ಲಿರುವುದು ಇದರ ತದ್ವಿರುದ್ಧವಾದ ಅರ್ಥ: ಆ ಹೇಳಿಕೆಗಳಲ್ಲಿ ನಿಜವಾಗಿಯೂ ವಿರೋಧವಿದೆಯೆಂದು. ಈ ಮಾರ್ಪಾಡು ಹೇಗಾಯಿತು? ‘ಆಭಾಸ’ ಶಬ್ದವು ಕನ್ನಡದಲ್ಲಿ ದಾರಿ ಬದಲಿಸಿದುದೇ ಕಾರಣವೆಂದು ನಮಗೆ ತೋರುತ್ತದೆ. ಸಂಸ್ಕೃತದಲ್ಲಿ ಅದು ತೋರಿಕೆ. ಹೇತುವಿನಂತೆ ತೋರಿ ಹೇತುವಾಗದಿರುವುದು ಹೇತ್ವಾಭಾಸ. ಕನ್ನಡದಲ್ಲಿಯಾದರೋ ಮದುವೆಯ ಮನೆಯಲ್ಲಿ ಬೀಗರ ಎದುರು ಏನೋ ಅವ್ಯವಸ್ಥೆಯಾದರೆ ‘ಆಭಾಸವಾಯಿತು’ ಎನ್ನುತ್ತೇವೆ. ಅಸಂಬದ್ಧತೆ, ಮುಜುಗರ ಎಂಬ ಅರ್ಥ ಅದಕ್ಕೆ ಬಂದಿದೆ. ಹೀಗಿರುವಲ್ಲಿ ಕನ್ನಡಿಗನ ಕಿವಿಗೆ ವಿರೋಧಾಭಾಸವು ‘ವಿರೋಧದಿಂದಾದ ಆಭಾಸ’ವೆಂದು ಕೇಳಿಸುವುದು ಸಹಜವೇ. ಪತ್ರಿಕೆಯವರನ್ನು ತಿದ್ದಹೊರಡುವುದು ನಮ್ಮ ಕೆಲಸವಲ್ಲ. ರೂಢಿಯು ಶಾಸ್ತ್ರವನ್ನು ಕೇಳಿ ನಡೆಯುವುದಿಲ್ಲ. ಆದರೆ ತರಗತಿಯಲ್ಲಿ ಬರೆಯುವವನು ತಾನು ತೋರಿಕೆಯ ವಿರೋಧವನ್ನು ಹೇಳುತ್ತಿರುವನೋ ನಿಜವಾದ ವಿರೋಧವನ್ನೋ ಎಂಬುದನ್ನು ಸ್ಪಷ್ಟಪಡಿಸಲೇಬೇಕು.

ಈಗ ನಮ್ಮ ಭಾಷೆಯ ಅಚ್ಚಗನ್ನಡ ಸಾಮಗ್ರಿಗೆ ಬರೋಣ. ಇಂಗ್ಲಿಷಿನಲ್ಲಿ ‘ನಾಟ್’ ಒಂದರಿಂದಲೇ ನಡೆಯುವ ಕೆಲಸಕ್ಕೆ ಕನ್ನಡದಲ್ಲಿ ಎರಡು ಶಬ್ದಗಳಿವೆ: ಅಲ್ಲ, ಇಲ್ಲ. ತಮಿಳಿನಲ್ಲಿ ಅಲ್ಲ, ಇಲ್ಲೈ ಎಂದೂ, ತೆಲುಗಿನಲ್ಲಿ ಕಾದು, ಲೇದು ಎಂದೂ ಇದೇ ಜೋಡಿಯುಂಟು. ಒಂದು ವಸ್ತುವು ಇಂಥದೆಂಬುದನ್ನು ನಿಷೇಧಿಸುವುದು ‘ಅಲ್ಲ’. ಒಂದು ವಸ್ತು ಇದೆಯೆಂಬುದನ್ನಾಗಲಿ, ಒಂದು ಕ್ರಿಯೆ ನಡೆದಿದೆಯೆಂಬುದನ್ನಾಗಲಿ ನಿಷೇಧಿಸುವುದು ‘ಇಲ್ಲ’. ‘ಇದು ಕೆರೆಯಲ್ಲ’ ಎಂಬುದೂ ‘ಇಲ್ಲಿ ಕೆರೆಯಿಲ್ಲ’ ಎಂಬುದೂ ಬೇರೆ. ‘ಹೌದು’ ಎಂಬುದಕ್ಕೆ ಎದುರು ‘ಅಲ್ಲ’. ‘ಐತಿ’ ಎಂಬುದಕ್ಕೆ ಎದುರು ‘ಇಲ್ಲ’. ಆದುದರಿಂದ ಕನ್ನಡದಲ್ಲಿ ಎರಡು ವಾಕ್ಯಗಳಿಗೆ ನಿಜವಾಗಿ ವ್ಯಾಘಾತವಿದೆಯೋ ಎಂದು ಪರೀಕ್ಷಿಸಲು ಒಂದು ಸುಲಭೋಪಾಯವುಂಟು: ಮೊದಲ ವಾಕ್ಯವನ್ನು ಮುರಿಯಲು ಅಲ್ಲ ಬೇಕೋ ಇಲ್ಲ ಬೇಕೋ ನೋಡಿ, ಎರಡನೆಯ ವಾಕ್ಯದಲ್ಲಿ ಯಾವುದು ಬಂದಿದೆಯೆಂದು ನೋಡುವುದು. ಒಬ್ಬರ ಮಾತನ್ನು ನಿರಾಕರಿಸುವುದಕ್ಕೆ ಕನ್ನಡವು ‘ಅಲ್ಲಗಳೆ’ ಎಂಬ ಕ್ರಿಯಾಪದವನ್ನು ಕಟ್ಟಿಕೊಂಡಿತು. ‘ಇಲ್ಲಗಳೆ’ ಎಂಬುದೊ೦ದು ಹುಟ್ಟಲಿಲ್ಲ. ಇದು ಆಕಸ್ಮಿಕವಿರಬಹುದು, ಆದರೂ ಗಮನಿಸತಕ್ಕದ್ದು.

ಈ ಉಪಾಯವನ್ನು ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಪ್ರಯೋಗಿಸಿ ನೋಡುವ. ನವಿಲುತೀರ್ಥದ ಅಣೆಕಟ್ಟಿನಿಂದ 1970ರ ದಶಕದಲ್ಲಿ ನರಗುಂದ, ನವಲಗುಂದ ಮುಂತಾದ ಕಡೆ ಕಾಲುವೆಗಳು ಬಂದವು. ನೀರಾವರಿ ಸೌಲಭ್ಯದಿಂದ ಭೂಮಿಯ ಬೆಲೆ ಏರುವುದರಿಂದ ಆ ಏರಿಕೆಯಲ್ಲೊಂದು ಪಾಲು ಸರಕಾರಕ್ಕೆ ಸಲ್ಲಬೇಕೆಂಬ ತತ್ವದ ಮೇಲೆ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನು ವಿಧಿಸಲಾಯಿತು. ನೀರಿನ ಕರ ಬೇರೆ. ಕಚೇರಿಯ ಕಾಗದದಲ್ಲಿದ್ದ ವಾಕ್ಯವು ‘ಈ ಭೂಮಿ ನೀರಾವರಿ ಹೌದು’ ಎಂಬುದು. ರೈತನ ವಾಕ್ಯವು ‘ಹೊಲಕ್ಕೆ ನೀರು ಬಂದಿಲ್ಲ’ ಎಂಬುದು. ಮೊದಲನೆಯದನ್ನು ಮುರಿಯಲು ‘ಅಲ್ಲ’ ಬೇಕು. ರೈತನು ಹೇಳಿದುದು ‘ಇಲ್ಲ’. ಅಚ್ಚುಕಟ್ಟಿನ ನಕಾಶೆಯಲ್ಲಿ ಸರ್ವೆ ನಂಬರು ಸೇರಿರುವುದೂ ನಿಜ, ಕಾಲುವೆಯ ಕೊನೆಯಲ್ಲಿ ನೀರು ಕಾಣದಿರುವುದೂ ನಿಜ. ಎರಡೂ ಒಟ್ಟಿಗೆ ನಿಜವಾಗಿರುವಲ್ಲಿ ವ್ಯಾಘಾತವಿಲ್ಲ. ನೀರು ತಲುಪಿದ ಕೆಲವು ಹೊಲಗಳು ಸವಳು ಜವಳಾದವು. ಬೆಳೆದ ಹತ್ತಿಗೆ ಬೆಲೆ ಬಿದ್ದಿತು. ಆದರೂ ‘ನೀರಾವರಿ ಹೌದು’ ಎಂಬುದು ಅಲುಗಲಿಲ್ಲ, ಕರವೂ ಅಲುಗಲಿಲ್ಲ. 1980ರ ಜುಲೈ 21ರಂದು ರೈತರು ಬೀದಿಗಿಳಿದಾಗ ನರಗುಂದದಲ್ಲಿಯೂ ನವಲಗುಂದದಲ್ಲಿಯೂ ಗೋಲಿಬಾರಾಗಿ ಜೀವಗಳು ಹೋದವು. ಆ ದಿನವನ್ನು ರೈತರು ಪ್ರತಿವರ್ಷ ಹುತಾತ್ಮರ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಕರ್ನಾಟಕದ ರೈತ ಚಳವಳಿಯು ಬಲಗೊಂಡುದು ಅಲ್ಲಿಂದ.

ಕಾಗದಕ್ಕೂ ರೈತನಿಗೂ ವ್ಯಾಘಾತವಿರಲಿಲ್ಲವೆಂದು ತರ್ಕದ ವಿದ್ಯಾರ್ಥಿಯು ಹೇಳಿದರೆ ಅವನ ಉತ್ತರಕ್ಕೆ ಅಂಕ ಕೊಡಲೇಬೇಕು. ಆದರೆ ಅಷ್ಟರಿಂದ ಕಾಗದವು ನಿರ್ದೋಷಿಯೆಂದು ಅವನು ಮುಂದುವರಿದರೆ ಅಲ್ಲಿ ಅವನನ್ನು ತಡೆಯಬೇಕು. ನೀರಾವರಿಯೆಂದು ಸಾರಿದವರೂ ನೀರನ್ನು ಕೊಡಬೇಕಾಗಿದ್ದವರೂ ಒಬ್ಬರೇ. ಬೆಲೆ ಏರಿತೆಂಬ ಆಧಾರದ ಮೇಲೆ ಕರ ಕೇಳುವುದು, ಬೆಲೆ ಏರಿಸತಕ್ಕ ನೀರನ್ನೇ ತಲುಪಿಸದಿರುವುದು: ಇದು ಎರಡು ವಾಕ್ಯಗಳ ನಡುವಿನ ಹೊಡೆತವಲ್ಲ, ಒಂದೇ ಪಕ್ಷದ ಮಾತಿಗೂ ಕ್ರಿಯೆಗೂ ನಡುವಿನ ಹೊಡೆತ. ನೈಯಾಯಿಕರ ಸ್ವಕ್ರಿಯಾವ್ಯಾಘಾತವನ್ನು ನೆನಪಿನಲ್ಲಿಡಬೇಕೆಂದು ಕೋರಿದುದು ಇದಕ್ಕಾಗಿ. ಅರಿಸ್ಟಾಟಲನ ನಿಯಮವೊಂದನ್ನೇ ಅಳತೆಗೋಲಾಗಿ ಹಿಡಿದವನಿಗೆ ಇಲ್ಲಿ ದೋಷವೇ ಕಾಣುವುದಿಲ್ಲ; ಉದಯನನನ್ನು ಓದಿದವನಿಗೆ ದೋಷವೂ ಕಾಣುತ್ತದೆ, ಅದಕ್ಕೊಂದು ಹೆಸರೂ ಇದೆ.

ಈಚಿನ ದಶಕಗಳಲ್ಲಿ ಸಾಮಾಜಿಕ ಬರವಣಿಗೆಯಲ್ಲಿ ಬಳಕೆಗೆ ಬಂದಿರುವ ‘ವೈರುಧ್ಯ’ ಶಬ್ದವು ಈ ಪ್ರದೇಶದಲ್ಲಿಯೇ ಸಂಚರಿಸುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾ. ಅಂಬೇಡ್ಕರರು, 1950ರ ಜನವರಿ 26ರಿಂದ ದೇಶವು ವೈರುಧ್ಯಗಳ ಬದುಕನ್ನು ಪ್ರವೇಶಿಸಲಿದೆಯೆಂದು ಎಚ್ಚರಿಸಿದರು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆ. ಶುದ್ಧ ತರ್ಕದ ದೃಷ್ಟಿಯಿಂದ ಇಲ್ಲಿಯೂ ಎರಡು ಸಂಗತಿಗಳು ಒಟ್ಟಿಗೆ ನಿಜ, ವ್ಯಾಘಾತವಿಲ್ಲ. ಒಬ್ಬನಿಗೆ ಒಂದೇ ಮತ, ಒಂದೇ ಬೆಲೆ ಎಂದು ಒಪ್ಪಿಕೊಂಡ ಸಮಾಜವು ತನ್ನ ನಡತೆಯಿಂದ ಅದನ್ನು ಹೊಡೆಯುತ್ತಿದೆಯೆಂಬುದು ಅವರ ಮಾತಿನ ಭಾರ. ಈ ಅರ್ಥದಲ್ಲಿ ವೈರುಧ್ಯವೆಂಬ ಶಬ್ದವನ್ನು ಉಳಿಸಿಕೊಂಡು, ವ್ಯಾಘಾತವನ್ನು ವಾಕ್ಯಗಳಿಗೂ ಸ್ವಕ್ರಿಯೆಗೂ ಮೀಸಲಿಡಬಹುದೆಂದು ನಮಗೆ ತೋರುತ್ತದೆ. ಪಾರಿಭಾಷಿಕ ಶಬ್ದಗಳನ್ನು ಗೊತ್ತುಪಡಿಸುವವರು ವಿಚಾರಿಸಲಿ.

ಒಂದು ಮಾತು ಉಳಿದಿದೆ. ಅಲ್ಲ-ಇಲ್ಲಗಳ ಉಪಾಯವು ಎಲ್ಲೆಡೆಯೂ ಸಾಲದು. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕುಳಿತರು. ಮಹದಾಯಿ ಕಣಿವೆಯಲ್ಲಿ ಹೆಚ್ಚುವರಿ ನೀರು ‘ಇದೆ’ ಎಂಬುದು ಕರ್ನಾಟಕದ ವಾದ, ‘ಇಲ್ಲ’ ಎಂಬುದು ಗೋವೆಯ ವಾದ. ಇಲ್ಲಿ ನಿಷೇಧದ ಶಬ್ದವು ಸರಿಯಾಗಿಯೇ ಎದುರು ನಿಂತಿದೆ. ವ್ಯಾಘಾತದ ಆಕಾರಕ್ಕೆ ಕೊರತೆಯಿಲ್ಲ. ಆದರೆ ‘ಹೆಚ್ಚುವರಿ’ ಎಂಬುದು ಯಾರ ಯಾವ ಅಗತ್ಯಗಳನ್ನು ಕಳೆದು ಉಳಿದುದೆಂಬ ಲೆಕ್ಕವು ಇಬ್ಬರದೂ ಒಂದೇ ಆಗಿರಲಿಲ್ಲ. ಸಮುದ್ರಕ್ಕೆ ಹರಿದುಹೋಗುವ ನೀರು ಒಬ್ಬರಿಗೆ ವ್ಯರ್ಥ, ಇನ್ನೊಬ್ಬರಿಗೆ ನದಿಯ ಮುಖಭಾಗವು ಉಪ್ಪಾಗದಂತೆ ಕಾಯುವ ಅಗತ್ಯ. 2018ರ ಆಗಸ್ಟ್‌ನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿದಾಗ ‘ಇದೆ’ ‘ಇಲ್ಲ’ಗಳಲ್ಲಿ ಒಂದನ್ನು ಆರಿಸಿಕೊಟ್ಟು ಮುಗಿಸಲು ಬರುವಂತಿರಲಿಲ್ಲ, ಯಾವ ಉಪಯೋಗಕ್ಕೆ ಎಷ್ಟೆಂದು ಬಿಡಿಬಿಡಿಯಾಗಿ ಹೇಳಬೇಕಾಯಿತು.